ಗೋಡೆಗೇರಿದ ಬಿರಡೆಗಳು

ವೈನ್ ಬಾಟಲಿಯ ಬಿರಡೆಗಳನ್ನು ಕೂಡಿಡುವುದು ನನ್ನ ಹಳೆಯ ಚಟ. ಗೆಳೆಯರೂ ನೆನಪಿಟ್ಟು ತಂದುಕೊಡುತ್ತಿದ್ದುದರಿಂದ ಚೀಲ ತುಂಬಿತ್ತು. ಓದುವ ಮೇಜಿನ ಮೇಲಿನ ಬೋಳು ಗೋಡೆಗೆ ಚೀಟಿ ಚುಚ್ಚುವ ಫಲಕವೊಂದು ಬೇಕಿತ್ತು. ಒಂದು ಭಾನುವಾರ ಎಲ್ಲವನ್ನೂ ನೆಲಕ್ಕೆ ಸುರಿದುಕೊಂಡು ಕುಳಿತೆ.

ಮೊದಲು ಆಯುವ ಕೆಲಸ. ಪ್ಲಾಸ್ಟಿಕ್ ಬಿರಡೆಗಳು ಬಣ್ಣದಲ್ಲಿ ಮೋಸ ಮಾಡುತ್ತವೆ, ಆದರೆ ಅವುಗಳ ಮೈಯೆಲ್ಲ ಒಂದೇ ನುಣುಪು. ನಿಜವಾದ ಕಾರ್ಕಿನ, ಅಂದರೆ ಮರದ ತೊಗಟೆಯಿಂದ ಮಾಡಿದ ಬಿರಡೆಯ ಮೇಲೆ ಕಂದು ಗೆರೆಗಳು, ಪುಟ್ಟ ಗುಳಿಗಳು ಇರುತ್ತವೆ. ಮರ ತನ್ನ ತೊಗಟೆಯ ಮೂಲಕ ಉಸಿರಾಡುತ್ತಿದ್ದ ದಾರಿಗಳವು.

ಒಣಗಿದ ಬಿರಡೆಗೆ ಚಾಕು ಹಾಕಿದರೆ ಪುಡಿಪುಡಿಯಾಗುತ್ತದೆ. ಹತ್ತು ನಿಮಿಷ ಹಬೆಯಲ್ಲಿಟ್ಟು, ಬಿಸಿಯಿರುವಾಗಲೇ ಗರಗಸದ ಹಲ್ಲಿನ ಚಾಕುವಿನಿಂದ ಉದ್ದಕ್ಕೆ ಸೀಳಿದೆ. ಒದ್ದೆ ಮರದ ವಾಸನೆ ಕೋಣೆ ತುಂಬಿತು. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಪುಟ್ಟ ಕೋಣೆಗಳನ್ನು ಕಂಡು 'ಸೆಲ್' ಎಂದು ಕರೆದದ್ದು ಇಂಥದೇ ಕಾರ್ಕಿನ ತೆಳು ಹೋಳಿನಲ್ಲಿ. ಆ ಕೋಣೆಗಳಲ್ಲಿ ಗಾಳಿ ತುಂಬಿರುವುದರಿಂದಲೇ ಕಾರ್ಕ್ ಒತ್ತಿದರೆ ತಗ್ಗಿ ಮತ್ತೆ ಉಬ್ಬುತ್ತದೆ. ಗುಂಡುಪಿನ್ನು ಕಿತ್ತರೆ ತೂತು ಹೆಚ್ಚುಕಡಿಮೆ ಮುಚ್ಚಿಕೊಳ್ಳುತ್ತದೆ.

"ಅಮ್ಮಾ, ಬಣ್ಣ ಬಳಿಯೋಣವೇ?" ಎಂದು ಮಗಳು ಕುಂಚ ಹಿಡಿದು ಬಂದಳು. ನಾನು ಒಪ್ಪಲಿಲ್ಲ. ಕಾರ್ಕ್ ಓಕ್ ಮರವನ್ನು ಕಡಿಯುವುದಿಲ್ಲ, ತೊಗಟೆಯನ್ನು ಮಾತ್ರ ಸುಲಿಯುತ್ತಾರೆ. ಮೊದಲ ಸುಲಿತಕ್ಕೆ ಮರಕ್ಕೆ ಸುಮಾರು 25 ವರ್ಷವಾಗಬೇಕು, ಆಮೇಲೆ ಕನಿಷ್ಠ 9 ವರ್ಷಕ್ಕೊಮ್ಮೆ. ಒಳ್ಳೆಯ ಬಿರಡೆಗೆ ಒದಗುವುದು ಮೂರನೆಯ ಸುಲಿತದ ತೊಗಟೆ. ನಲವತ್ತು ದಾಟಿದ ಮರದ ಮೈಬಣ್ಣವನ್ನು ಮುಚ್ಚಲು ನನಗೆ ಮನಸ್ಸು ಬರುವುದಿಲ್ಲ. ಪ್ಲಾಸ್ಟಿಕ್ಕಿನವನ್ನೆಲ್ಲ ಅವಳ ಕಡೆಗೆ ತಳ್ಳಿದೆ.

ಜೋಡಣೆಯಲ್ಲೇ ನಿಜವಾದ ಮಜಾ. ಬಿರಡೆಯ ಅಡ್ಡಗಲ 24 ಮಿಲಿಮೀಟರ್, ಉದ್ದ ಹಲವಕ್ಕೆ 45. ಹಾಗಾಗಿ ಎರಡನ್ನು ಪಕ್ಕಪಕ್ಕ ಇಟ್ಟರೆ ಬಹುಮಟ್ಟಿಗೆ ಒಂದು ಚೌಕ. ಎರಡು ಅಡ್ಡ, ಎರಡು ಉದ್ದ ಎಂದು ಚಾಪೆಯ ನೇಯ್ಗೆಯ ಹಾಗೆ ಹೂಡಬಹುದು. ಆದರೆ ಆ 3 ಮಿಲಿಮೀಟರ್ ವ್ಯತ್ಯಾಸ ಸಾಲಿನಿಂದ ಸಾಲಿಗೆ ಬೆಳೆಯುತ್ತದೆ. ಗಿಡ್ಡ ಬಿರಡೆಗಳನ್ನು ಬೇರೆ ಇಟ್ಟು, ಅಂಟು ಮುಟ್ಟುವ ಮೊದಲೇ ಇಡೀ ಫಲಕವನ್ನು ಹಲಗೆಯ ಮೇಲೆ ಜೋಡಿಸಿ ನೋಡಿದೆ. ಬಿಸಿ ಅಂಟು ಕ್ಷಣದಲ್ಲಿ ಗಟ್ಟಿಯಾಗಿ, ಸರಿಪಡಿಸಲು ಬಿಡುವೇ ಕೊಡುವುದಿಲ್ಲ. ಮರಗೆಲಸದ ಬಿಳಿ ಅಂಟೇ ವಾಸಿ. ಬಿರಡೆಗಳ ತೇವ ಆರಿದ ಮೇಲೆ ಅಂಟಿಸಿ, ರಾತ್ರಿಯಿಡೀ ದಪ್ಪ ಪುಸ್ತಕಗಳನ್ನು ಹೇರಿದೆ.

ಉಳಿದವನ್ನು ಬಿಲ್ಲೆಗಳಾಗಿ ಕೊಯ್ದು ಕುರ್ಚಿಯ ಕಾಲುಗಳಿಗೆ ಅಂಟಿಸಿದ್ದೇನೆ. ಈಗ ಎಳೆದರೆ ಕಿರುಗುಟ್ಟುವುದಿಲ್ಲ.