ಪಿ.ಟಿ. ಮೇಷ್ಟ್ರ ಸ್ಟಾಪ್‌ವಾಚ್

ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಪತ್ರ ಬಂದಾಗ ಮೊದಲು ನಗು ಬಂತು. ನಾನು ಓದುವಾಗ ಈ ಸಂಚಿಕೆಯಲ್ಲಿ ನನ್ನ ಹೆಸರು ಬಂದಿದ್ದು ಒಂದೇ ಸಲ. ಅದೂ ಗುಂಪು ಫೋಟೋದ ಕೆಳಗೆ, ತಪ್ಪು ಕಾಗುಣಿತದಲ್ಲಿ. ಮಾರ್ಕ್ಸ್ ತೆಗೆದವನಲ್ಲ, ಓಟದಲ್ಲಿ ಗೆದ್ದವನಲ್ಲ, ನಾಟಕದಲ್ಲಿ ಪಾತ್ರ ಮಾಡಿದವನೂ ಅಲ್ಲ. ಹಿಂದಿನಿಂದ ಎರಡನೇ ಸಾಲು, ಕಿಟಕಿ ಪಕ್ಕದ ಬೆಂಚು. ಅಷ್ಟೇ ನನ್ನ ಗುರುತು. ಆದರೆ ಒಂಬತ್ತನೇ ಕ್ಲಾಸಿನ ಒಂದು ವರ್ಷ ನಾವು ಮಕ್ಕಳೂ ಮೇಷ್ಟ್ರುಗಳೂ ಸೇರಿ ಹೈಸ್ಕೂಲನ್ನು ಸ್ವಲ್ಪ ರಿಪೇರಿ ಮಾಡಲು ಕೂತಿದ್ದೆವು. ಅದನ್ನು ಬರೆಯೋಣ ಅನ್ನಿಸಿತು.

ಶುರುವಾಗಿದ್ದು ಚೆನ್ನಾಗಿರಲಿಲ್ಲ. ಹೆಡ್‌ಮಾಸ್ಟ್ರು ಪ್ರಾರ್ಥನೆ ಮುಗಿದ ಮೇಲೆ, ಶಾಲೆ ಹೇಗಿರಬೇಕು ಅಂತ ಮಕ್ಕಳೂ ಹೇಳಬೇಕು, ಅದಕ್ಕೊಂದು ಸಮಿತಿ ಮಾಡುತ್ತೇವೆ ಅಂದರು. ಪ್ರತಿ ಕ್ಲಾಸಿನಿಂದ ಇಬ್ಬರನ್ನು ಮೇಷ್ಟ್ರುಗಳೇ ಆರಿಸಿದರು. ಯಾರು ಅಂತ ಊಹಿಸಬಹುದು ಅಲ್ವಾ? ಫಸ್ಟ್ ಬಂದವರು, ಲೀಡರುಗಳು, ಕೈಬರಹ ಚೆನ್ನಾಗಿದ್ದವರು. ಎರಡು ಸಭೆ ನಡೆಯಿತು. ಶಿಸ್ತು ಹೆಚ್ಚಬೇಕು, ಗಿಡ ನೆಡಬೇಕು, ಲೈಬ್ರರಿಗೆ ಹೊಸ ಪುಸ್ತಕ ಬೇಕು ಅಂತ ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಫೋಟೋ ತೆಗೆದರು.

ಎಷ್ಟೋ ವರ್ಷ ಆದ ಮೇಲೆ ರೋಜರ್ ಹಾರ್ಟ್ ಅನ್ನುವವರು ಯುನಿಸೆಫ್‌ಗಾಗಿ 1992ರಲ್ಲಿ ಬರೆದದ್ದನ್ನು ಓದಿದೆ. ದೊಡ್ಡವರು ತೀರ್ಮಾನ ಮಾಡುವಾಗ ಮಕ್ಕಳನ್ನೂ ಸೇರಿಸಿಕೊಳ್ಳುವುದನ್ನು ಅವರು ಒಂದು ಏಣಿಗೆ ಹೋಲಿಸುತ್ತಾರೆ. ಎಂಟು ಮೆಟ್ಟಿಲು. ಕೆಳಗಿನ ಮೂರನ್ನು ಅವರು ಪಾಲ್ಗೊಳ್ಳುವಿಕೆ ಅಂತ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮಕ್ಕಳನ್ನು ದಾಳವಾಗಿ ಬಳಸುವುದು ಒಂದು, ಅಲಂಕಾರಕ್ಕೆ ನಿಲ್ಲಿಸುವುದು ಎರಡು, ನೆಪಕ್ಕೆ ಕೂರಿಸುವುದು ಮೂರು. ಓದಿದ ಕೂಡಲೇ ನಮ್ಮ ಮೊದಲ ಸಮಿತಿಯ ಫೋಟೋ ಕಣ್ಣಿಗೆ ಬಂತು. ಅಲಂಕಾರ, ಸಂದೇಹವೇ ಇಲ್ಲ.

ಹೆಡ್‌ಮಾಸ್ಟ್ರಿಗೂ ಬೇಜಾರಾಗಿತ್ತು ಅಂತ ಕಾಣುತ್ತದೆ. ಮುಂದಿನ ತಿಂಗಳು ಎಲ್ಲ ಕ್ಲಾಸಿಗೂ ಒಂದೊಂದು ಸೀಮೆಸುಣ್ಣದ ಡಬ್ಬಿ ಬಂತು. ಅದರಲ್ಲಿ ಎಲ್ಲರ ಹೆಸರಿನ ಚೀಟಿ. ನಮ್ಮ ಕ್ಲಾಸಿನಲ್ಲಿ ಎತ್ತಿದ ಎರಡನೇ ಚೀಟಿ ನನ್ನದು. ಕ್ಲಾಸ್ ಪೂರ್ತಿ ನಕ್ಕಿತು. ನಾನೂ ನಕ್ಕೆ.

ಚೀಟಿ ಎತ್ತಿ ಮಾಡಿದ ಸಮಿತಿಯ ಮೊದಲ ಸಭೆ ಮಾತ್ರ ಜಗಳವಾಗುವುದು ಸ್ವಲ್ಪದರಲ್ಲೇ ತಪ್ಪಿತು. ಈ ಸಲ ಬಂದವರು ನಮ್ಮಂಥವರು. ಕೇಳಿದ್ದೇ ತಡ, ದೂರಿನ ಮಳೆ. ಬೆಂಚಿನ ಮೊಳೆ ಬಟ್ಟೆ ಹರಿಯುತ್ತದೆ, ಒಂದೇ ನಲ್ಲಿ, ಒಂದೇ ದಿನ ಮೂರು ಟೆಸ್ಟ್, ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕಸಿದುಕೊಳ್ಳುತ್ತಾರೆ. ಗಣಿತದ ಟೀಚರ್ ಕನ್ನಡಕ ತೆಗೆದು ಒರೆಸುತ್ತಾ, "ನಮ್ಮ ಹತ್ರಾನೂ ಒಂದು ಪಟ್ಟಿ ಇದೆ. ಓದಲಾ?" ಅಂದರು. ಎಲ್ಲರೂ ಸುಮ್ಮನಾದೆವು.

ಆ ಸುಮ್ಮನಿದ್ದ ಹೊತ್ತಿನಲ್ಲೇ ಎಂಟನೇ ಕ್ಲಾಸಿನ ಒಬ್ಬ ಪುಟ್ಟ ಹುಡುಗ ವಿಜ್ಞಾನದ ಮೇಷ್ಟ್ರ ಕಡೆ ತಿರುಗಿ ಹೇಳಿಬಿಟ್ಟ: "ಸರ್, ನೀವು ಪ್ರಶ್ನೆ ಕೇಳ್ತೀರಿ, ಆಮೇಲೆ ನೀವೇ ಉತ್ತರ ಹೇಳಿಬಿಡ್ತೀರಿ."

ಮೇಷ್ಟ್ರ ಕಿವಿ ಕೆಂಪಾಯಿತು. ಅವರು ಕೆಟ್ಟವರಲ್ಲ. ನಮ್ಮ ಶಾಲೆಯಲ್ಲಿ ಪಾಠ ಚೆನ್ನಾಗಿ ಮಾಡುವವರು ಅಂದರೆ ಅವರೇ. "ಹೌದೇನೋ? ನಾನು ಕಾಯ್ತೀನಲ್ಲ" ಅಂದರು. ಹುಡುಗ ಇಲ್ಲ ಅಂತ ತಲೆ ಅಲ್ಲಾಡಿಸಿದ. "ಸರಿ, ನೋಡೇಬಿಡೋಣ" ಅಂದರು ಮೇಷ್ಟ್ರು.

ಮೂರು ದಿನ ಬಿಟ್ಟು ಅವರು ಪಿ.ಟಿ. ಮೇಷ್ಟ್ರ ಸ್ಟಾಪ್‌ವಾಚ್ ಮತ್ತು ಒಂದು ಉದ್ದನೆ ನೋಟ್‌ಬುಕ್ ತಂದು ನನ್ನ ಕೈಗಿಟ್ಟರು. ನನಗೇ ಯಾಕೆ ಅಂತ ಇವತ್ತಿಗೂ ಗೊತ್ತಿಲ್ಲ. ಹೇಗೂ ಇವನು ಪಾಠ ಕೇಳಲ್ಲ, ಇದಾದರೂ ಮಾಡಲಿ ಅಂದುಕೊಂಡಿರಬೇಕು. ಪ್ರಶ್ನೆಯ ಕೊನೆಯ ಅಕ್ಷರ ಮುಗಿದ ತಕ್ಷಣ ಒತ್ತಬೇಕು. ಅವರು ಮತ್ತೆ ಮಾತಾಡಿದರೆ, ಅಥವಾ ಯಾರಾದರೂ ಉತ್ತರ ಶುರು ಮಾಡಿದರೆ ಮತ್ತೆ ಒತ್ತಬೇಕು. ನನಗೊಂದು ಅನುಮಾನ ಬಂತು. ಬೆರಳು ಒತ್ತುವುದು ತಡವಾಗುತ್ತದಲ್ಲ ಸರ್, ಲೆಕ್ಕ ತಪ್ಪುವುದಿಲ್ಲವೇ ಅಂದೆ. ಅವರಿಗೆ ಖುಷಿಯಾಯಿತು. "ಶುರುವಲ್ಲೂ ತಡ ಮಾಡ್ತೀಯ, ಕೊನೆಯಲ್ಲೂ ತಡ ಮಾಡ್ತೀಯ. ಹೆಚ್ಚುಕಡಿಮೆ ಅಷ್ಟಕ್ಕೆ ಅಷ್ಟು ಹೊಡೆದುಹೋಗುತ್ತೆ ಕಣೋ" ಅಂದರು. ಅಳತೆಯ ತಪ್ಪಿನ ಬಗ್ಗೆ ನಾನು ಕಲಿತ ಮೊದಲ ಪಾಠ ಅದು, ಪರೀಕ್ಷೆಗೆ ಬರದೇ ಇದ್ದದ್ದು.

ಒಂದು ವಾರ ಅಳೆದೆ. ಸುಮಾರು ಎಲ್ಲ ಪ್ರಶ್ನೆಗೂ ಒಂದು ಸೆಕೆಂಡ್, ಕೆಲವಕ್ಕೆ ಅದಕ್ಕಿಂತ ಕಡಿಮೆ. ಒಂದೇ ಒಂದು ಕಡೆ ನಾಲ್ಕು ಸೆಕೆಂಡ್ ಇತ್ತು. ಅದರ ಪಕ್ಕದಲ್ಲಿ 'ಸರ್ ಸೀನಿದರು' ಅಂತ ಬರೆದಿದ್ದೆ.

ನೋಟ್‌ಬುಕ್ ನೋಡಿ ಅವರು ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ಸಮಿತಿಯ ಸಭೆಯಲ್ಲಿ ತಾವೇ ಎದ್ದು ಆ ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರು. ಸೀನಿದ್ದನ್ನೂ ಸೇರಿಸಿ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿಯ ಬಗ್ಗೆ ಹೇಳಿದರು. ಆಕೆ 1970ರ ದಶಕದಲ್ಲೇ ಎಷ್ಟೋ ತರಗತಿಗಳ ಪಾಠವನ್ನು ಟೇಪ್ ಮಾಡಿ ಕೇಳಿದ್ದರಂತೆ. ಅಲ್ಲೂ ಮೇಷ್ಟ್ರುಗಳು ಪ್ರಶ್ನೆ ಕೇಳಿ ಕಾಯುತ್ತಿದ್ದದ್ದು ಸುಮಾರು ಒಂದೇ ಸೆಕೆಂಡ್. ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಗೊತ್ತಿಲ್ಲ ಅನ್ನುವುದು ಕಡಿಮೆಯಾಗುತ್ತದೆ, ಮಕ್ಕಳೇ ತಿರುಗಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಇನ್ನೊಂದನ್ನೂ ಆಕೆ ಕಂಡಿದ್ದರು. ಜಾಣರು ಅನ್ನಿಸಿಕೊಂಡ ಮಕ್ಕಳಿಗೆ ಮೇಷ್ಟ್ರುಗಳು ಹೆಚ್ಚು ಹೊತ್ತು ಕಾಯುತ್ತಾರೆ, ದಡ್ಡರು ಅನ್ನಿಸಿಕೊಂಡವರಿಗೆ ಕಡಿಮೆ.

ಇದನ್ನು ಹೇಳುವಾಗ ಮೇಷ್ಟ್ರು ನನ್ನ ಕಡೆ ನೋಡಲಿಲ್ಲ. ನಾನೂ ಅವರ ಕಡೆ ನೋಡಲಿಲ್ಲ.

ಎಲ್ಲರಿಗೂ ಇದು ಹಿಡಿಸಲಿಲ್ಲ. ಒಬ್ಬ ಮೇಷ್ಟ್ರು ಎದ್ದು ನಿಂತು, "ನಾಳೆ ನಮಗೂ ಮಾರ್ಕ್ಸ್ ಹಾಕ್ತಾರೆ ಇವರು" ಅಂದು ಹೊರಗೆ ಹೋದರು. ಆಮೇಲೆ ಸಮಿತಿಗೆ ಬರಲೇ ಇಲ್ಲ. ಅವರ ಮೇಲೆ ಆಗ ತುಂಬ ಸಿಟ್ಟಿತ್ತು. ಈಗ ಅಷ್ಟಿಲ್ಲ. ಇಪ್ಪತ್ತು ವರ್ಷ ಒಂದು ಕೆಲಸ ಮಾಡಿದವರ ಎದುರು ಹದಿನಾಲ್ಕು ವರ್ಷದವನು ಸ್ಟಾಪ್‌ವಾಚ್ ಹಿಡಿದು ಕೂತರೆ ಯಾರಿಗೆ ತಾನೇ ಚೆನ್ನಾಗಿರುತ್ತೆ?

ಅವರು ಹೋದ ಮೇಲೆ ಹೆಡ್‌ಮಾಸ್ಟ್ರು ಒಂದು ಕಥೆ ಹೇಳಿದರು. ಯಾನುಷ್ ಕೊರ್ಚಾಕ್ ಅಂತ ಒಬ್ಬ ಮಕ್ಕಳ ಡಾಕ್ಟರು. 1912ರಿಂದ ಪೋಲೆಂಡಿನ ವಾರ್ಸಾದಲ್ಲಿ ಅನಾಥ ಮಕ್ಕಳ ಮನೆಯೊಂದನ್ನು ನಡೆಸುತ್ತಿದ್ದರು. ಅಲ್ಲಿ ಮಕ್ಕಳದ್ದೇ ನ್ಯಾಯಾಲಯ. ನ್ಯಾಯಾಧೀಶರೂ ಮಕ್ಕಳೇ, ಅವರನ್ನು ಆರಿಸುತ್ತಿದ್ದದ್ದೂ ಚೀಟಿ ಎತ್ತಿ. (ಸೀಮೆಸುಣ್ಣದ ಡಬ್ಬಿಯ ಉಪಾಯ ಎಲ್ಲಿಂದ ಬಂದಿದ್ದು ಅಂತ ನಮಗೆ ಆಗ ಗೊತ್ತಾಯಿತು.) ದೊಡ್ಡವರ ಮೇಲೂ ಅಲ್ಲಿ ದೂರು ಕೊಡಬಹುದಿತ್ತು. ಕೊರ್ಚಾಕ್ ಆರು ತಿಂಗಳಲ್ಲಿ ಐದು ಸಲ ತಮ್ಮ ಮೇಲೆ ತಾವೇ ದೂರು ಕೊಟ್ಟು ಆ ಮಕ್ಕಳ ಮುಂದೆ ನಿಂತಿದ್ದರಂತೆ. ಒಂದು ಸಲ ಒಬ್ಬ ಹುಡುಗನಿಗೆ ಹೊಡೆದದ್ದಕ್ಕೆ. ಆ ನ್ಯಾಯಾಲಯದ ಹೆಚ್ಚಿನ ತೀರ್ಪುಗಳು ಕ್ಷಮಿಸುವುದೇ ಆಗಿದ್ದವು. "ಅದರಿಂದ ಅವರ ಮರ್ಯಾದೆ ಹೋಯ್ತು ಅಂತ ನಾನೆಲ್ಲೂ ಓದಿಲ್ಲ" ಅಂತ ಹೇಳಿ ಹೆಡ್‌ಮಾಸ್ಟ್ರು ಸಭೆ ಮುಗಿಸಿದರು. ಕೊರ್ಚಾಕ್ ಕೊನೆಗೆ ಏನಾದರು ಅನ್ನುವುದನ್ನು ಅವರು ಅವತ್ತು ಹೇಳಲಿಲ್ಲ. 1942ರಲ್ಲಿ ಆ ಮಕ್ಕಳ ಜೊತೆಗೇ ನಾಜಿಗಳ ಟ್ರೆಬ್ಲಿಂಕಾ ಸಾವಿನ ಶಿಬಿರಕ್ಕೆ ಹೋದರು ಅಂತ ನಾನು ದೊಡ್ಡವನಾದ ಮೇಲೆ ಓದಿದ್ದು.

ಮೂರು ಸೆಕೆಂಡ್ ಕಾಯುವುದು ಹೇಳಿದಷ್ಟು ಸುಲಭ ಇರಲಿಲ್ಲ. ಬೇಕಾದರೆ ಈಗಲೇ ಯಾರನ್ನಾದರೂ ಏನಾದರೂ ಕೇಳಿ ಮನಸ್ಸಿನಲ್ಲೇ ಮೂರು ಎಣಿಸಿ ನೋಡಿ. ಮೊದಲ ದಿನ ಮೇಷ್ಟ್ರು ಪ್ರಶ್ನೆ ಕೇಳಿ ತುಟಿ ಕಚ್ಚಿಕೊಂಡು ನಿಂತರು. ಕ್ಲಾಸಿನಲ್ಲಿ ಯಾರೋ ಕಿಸಕ್ ಅಂದರು. ಎರಡನೇ ದಿನ ಡಸ್ಟರ್ ಕೈಯಲ್ಲಿ ಹಿಡಿದು ಬೆರಳಿನಿಂದ ಮೂರು ಸಲ ತಟ್ಟುವುದು ಅಭ್ಯಾಸ ಮಾಡಿಕೊಂಡರು. ಸೀಮೆಸುಣ್ಣದ ಪುಡಿ ಮೂರು ಸಲ ಏಳುತ್ತಿತ್ತು. ಅದು ಇಳಿಯುವಷ್ಟರಲ್ಲಿ ಯಾರಾದರೂ ಕೈ ಎತ್ತುತ್ತಿದ್ದರು.

ಒಂದು ದಿನ ಅವರು ಕೇಳಿದ್ದು ಇದು: ಬೆವರು ಆರಿದಾಗ ಮೈ ಯಾಕೆ ತಣ್ಣಗಾಗುತ್ತದೆ? ತಟ್, ತಟ್, ತಟ್. ಬಾಗಿಲ ಪಕ್ಕದ ಬೆಂಚಿನ ಹುಡುಗಿ ಎದ್ದಳು. ಹಾಜರಿಗೆ ಬಿಟ್ಟರೆ ಅವಳ ದನಿಯನ್ನೇ ನಾವು ಕೇಳಿರಲಿಲ್ಲ.

"ನೀರು ಆವಿಯಾಗೋಕೆ ಶಾಖ ಬೇಕಲ್ವಾ ಸರ್. ಅದನ್ನ ಮೈಯಿಂದಲೇ ತಗೊಳ್ಳುತ್ತೆ."

ಹಳೆಯ ಮೇಷ್ಟ್ರಾಗಿದ್ದರೆ ಗುಡ್, ಕೂತ್ಕೋ ಅನ್ನುತ್ತಿದ್ದರು. ಆದರೆ ಮೇರಿ ಬಡ್ ರೋ ಹೇಳಿದ ಕಾಯುವಿಕೆ ಎರಡು ಕಡೆಯದು. ಪ್ರಶ್ನೆ ಆದ ಮೇಲೂ ಕಾಯಬೇಕು, ಮಗು ಉತ್ತರ ಹೇಳಿದ ಮೇಲೂ ಕಾಯಬೇಕು. ಮೇಷ್ಟ್ರು ಏನೂ ಹೇಳದೆ ಡಸ್ಟರ್ ತಟ್ಟಿದರು. ಹುಡುಗಿ ಕೂರಲು ಹೋದವಳು ಹಾಗೇ ನಿಂತಳು.

"ಹಾಗಾದ್ರೆ ಸರ್, ಗಾಳಿಯಲ್ಲಿ ತೇವ ಜಾಸ್ತಿ ಇದ್ದ ದಿನ ಬೆವರು ಆರಲ್ಲ. ಅದಕ್ಕೇ ಅವತ್ತು ಜಾಸ್ತಿ ಸೆಕೆ ಅನ್ಸೋದು."

ಅದು ಮುಂದಿನ ವಾರದ ಪಾಠ. ಸ್ಟಾಪ್‌ವಾಚ್ ನಿಲ್ಲಿಸುವುದನ್ನೇ ಮರೆತಿದ್ದೆ. ಆ ಸಾಲಿನಲ್ಲಿ ಅಂಕಿಯೇ ಇಲ್ಲ.

ಅಳೆಸಿಕೊಳ್ಳುವ ಸರದಿ ಆಮೇಲೆ ನಮ್ಮದು. ಬೆಲ್ ಹೊಡೆದು ಎಷ್ಟು ಹೊತ್ತಿಗೆ ಪಾಠ ಶುರುವಾಗುತ್ತದೆ ಅಂತ ಗಣಿತದ ಟೀಚರ್ ನೋಡಲು ಹೇಳಿದರು. 40 ನಿಮಿಷದ ಪೀರಿಯಡ್ಡಿನಲ್ಲಿ ಐದಾರು ನಿಮಿಷ ಸುಮ್ನೆ ಸೋರಿ ಹೋಗುತ್ತಿತ್ತು. ತಪ್ಪು ಮೇಷ್ಟ್ರುಗಳದ್ದು ಅಂತ ನಾವು, ನಿಮ್ಮದು ಅಂತ ಅವರು. ಬರೆದು ನೋಡಿದರೆ ಇಬ್ಬರದ್ದೂ ಅಲ್ಲ. ಎರಡೆರಡು ಕ್ಲಾಸು ಒಂದೇ ಹೊತ್ತಿಗೆ ಒಂದೇ ಮೆಟ್ಟಿಲಲ್ಲಿ, ಒಂದು ಹತ್ತುವುದು, ಒಂದು ಇಳಿಯುವುದು. ಟೈಮ್ ಟೇಬಲ್ ಸ್ವಲ್ಪ ಅದಲುಬದಲು ಮಾಡಿದರು. ಜಗಳ ಅಲ್ಲಿಗೆ ನಿಂತಿತು. ಟೆಸ್ಟುಗಳೆಲ್ಲ ಒಂದೇ ದಿನ ಬೀಳಬಾರದು ಅಂತ ಸ್ಟಾಫ್ ರೂಮಿನ ಗೋಡೆಗೆ ಒಂದು ದೊಡ್ಡ ಚಾರ್ಟ್ ಅಂಟಿಸಿದ್ದೆವು. ಅದು ಎರಡು ತಿಂಗಳು ಬದುಕಿತ್ತು. ಆಮೇಲೆ ಯಾರೂ ಬರೆಯಲಿಲ್ಲ. ಫ್ಯಾನಿನ ಗಾಳಿಗೆ ಒಂದು ಮೂಲೆ ಬಿಟ್ಟುಕೊಂಡು ಪಟಪಟ ಅನ್ನುತ್ತಿತ್ತು.

ಒಂದು ವಿಷಯದಲ್ಲಿ ಮಾತ್ರ ನಮ್ಮ ಸಮಿತಿ ಪೂರ್ತಿ ಫೇಲ್. ಆರು ತಿಂಗಳು ಕೂತು ಮಾತಾಡಿದರೂ ಹುಡುಗಿಯರ ಶೌಚಾಲಯದ ಎರಡು ಬಾಗಿಲಿಗೆ ಚಿಲಕ ಇಲ್ಲ ಅನ್ನುವುದು ನಮಗೆ ಗೊತ್ತೇ ಆಗಿರಲಿಲ್ಲ. ಒಬ್ಬಳು ಬಾಗಿಲು ಹಿಡಿದು ನಿಂತರೆ ಇನ್ನೊಬ್ಬಳು ಒಳಗೆ. ದಿನಾ ಹಾಗೇ. ಸಮಿತಿಯಲ್ಲಿ ಅರ್ಧದಷ್ಟು ಹುಡುಗಿಯರಿದ್ದರು. ಆದರೆ ಹುಡುಗರು, ಗಂಡು ಮೇಷ್ಟ್ರುಗಳು ಕೂತಿರುವಾಗ ಯಾರು ಹೇಳುತ್ತಾರೆ? ಗಣಿತದ ಟೀಚರ್ ಒಂದು ದಿನ ಹುಡುಗಿಯರನ್ನಷ್ಟೇ ಕೂರಿಸಿಕೊಂಡು ಮಾತಾಡಿದಾಗ ಹತ್ತು ನಿಮಿಷದಲ್ಲಿ ವಿಷಯ ಹೊರಗೆ ಬಂತು. ಮೂರನೇ ದಿನ ಚಿಲಕ ಹಾಕಿದರು. ಅಷ್ಟು ಚಿಕ್ಕ ಕೆಲಸ.

ಮಕ್ಕಳಿಗೆ ಸಂಬಂಧಿಸಿದ ವಿಷಯದಲ್ಲಿ ಮಕ್ಕಳ ಮಾತು ಕೇಳಬೇಕು ಅಂತ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. 1989ರಲ್ಲಿ ಒಪ್ಪಿಕೊಂಡದ್ದು. ಮಗುವಿನ ವಯಸ್ಸು, ಬುದ್ಧಿ ನೋಡಿಕೊಂಡು ಆ ಮಾತಿಗೆ ತಕ್ಕ ಬೆಲೆ ಕೊಡಬೇಕು ಅಂತಲೂ ಅಲ್ಲಿದೆ. ಒಳ್ಳೆಯದೇ. ಆದರೆ ಸಭೆ ಕರೆದು ಹೇಳಿ ಅಂದ ಮಾತ್ರಕ್ಕೆ ಮಕ್ಕಳು ಹೇಳಿಬಿಡುವುದಿಲ್ಲ. ಯಾರ ಎದುರು, ಎಲ್ಲಿ ಕೂತು, ಎಷ್ಟು ಹೊತ್ತು ಕಾದರೆ ಹೇಳುತ್ತಾರೆ ಅನ್ನುವುದು ಬೇರೆಯೇ ಕೆಲಸ. ಚಿಲಕದ ವಿಷಯ ನೆನಪಾದಾಗ ನನಗೆ ಈಗಲೂ ಒಂಥರಾ ಆಗುತ್ತದೆ. ಅಷ್ಟೂ ದಿನ ನಾನು ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ದೊಡ್ಡ ಮನುಷ್ಯನ ಹಾಗೆ ಓಡಾಡುತ್ತಿದ್ದೆ.

ನಾನು ಮೇಷ್ಟ್ರಾಗಲಿಲ್ಲ. ಲೆಕ್ಕಪತ್ರ ನೋಡುವ ಕೆಲಸ. ಆಫೀಸಿನ ಮೀಟಿಂಗಿನಲ್ಲಿ ಯಾರಾದರೂ ಏನಾದರೂ ಡೌಟ್ ಇದೆಯಾ ಅಂತ ಕೇಳಿ ಮರುಕ್ಷಣವೇ ಮುಂದಿನ ವಿಷಯಕ್ಕೆ ಹೋದರೆ ನನ್ನ ಹೆಬ್ಬೆರಳು ತಾನಾಗಿ ಒತ್ತಿಕೊಳ್ಳುತ್ತದೆ. ಪಕ್ಕದವರಿಗೆ ಇದು ಅರ್ಥವಾಗುವುದಿಲ್ಲ.

ಹತ್ತನೇ ಕ್ಲಾಸಿಗೆ ಬಂದ ಮೇಲೆ ನೋಟ್‌ಬುಕ್ಕನ್ನು ನನ್ನಿಂದ ತೆಗೆದುಕೊಂಡು ಒಂಬತ್ತನೇ ಕ್ಲಾಸಿನ ಇನ್ನೊಬ್ಬನಿಗೆ ಕೊಟ್ಟರು. ಅವನ ನಂತರ ಯಾರ ಕೈಗೆ ಹೋಯಿತೋ ತಿಳಿಯದು. ಸ್ಟಾಪ್‌ವಾಚನ್ನಂತೂ ಪಿ.ಟಿ. ಮೇಷ್ಟ್ರು ಕ್ರೀಡಾಕೂಟದ ಹಿಂದಿನ ದಿನವೇ ಬೈದು ವಾಪಸ್ ಕಸಿದುಕೊಂಡಿದ್ದರು. ಸ್ಟಾಫ್ ರೂಮಿನ ಹಳೆಯ ಬೀರುವಿನಲ್ಲಿ ನೋಟ್‌ಬುಕ್ ಇನ್ನೂ ಇದ್ದರೂ ಇರಬಹುದು. ಸಂಪಾದಕರು ಒಮ್ಮೆ ಹುಡುಕಿಸಿ ನೋಡಿ. ಕಂದು ಬಣ್ಣದ ರಟ್ಟು, ಉದ್ದನೆಯದು, ಮೊದಲ ಪುಟದಲ್ಲಿ ಶಾಯಿ ಚೆಲ್ಲಿದೆ. ಚೆಲ್ಲಿದ್ದು ನಾನಲ್ಲ, ವಿಜ್ಞಾನದ ಮೇಷ್ಟ್ರು.