ತಾತನ ತೋಟದಲ್ಲಿ ನೆಟ್‌ವರ್ಕ್ ಇಲ್ಲ ಅಂತ ಬರ್ಕೊಂಡಿರಲಿಲ್ವಾ?

ಕಳೆದ ಭಾನುವಾರ ಊರಿಗೆ ಫೋನ್ ಮಾಡಿದಾಗ ಅಪ್ಪನ ದನಿ ಸುಸ್ತಾಗಿತ್ತು. ತಿಪಟೂರು ಕಡೆಯ ನಮ್ಮ ತೋಟಕ್ಕೆ ಆ ವಾರ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿತ್ತು. ಮನೆಯಿಂದಲೇ ಮೋಟಾರ್ ಆನ್ ಮಾಡಲಿ ಅಂತ ಹೋದ ವರ್ಷ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೆವು. ಅದರೊಳಗಿನ ಸಿಮ್‌ಗೆ ಫೋನ್ ಮಾಡಿದರೆ ಮೋಟಾರ್ ಓಡಬೇಕು. ಆದರೆ ತೋಟ ತಗ್ಗಿನಲ್ಲಿದೆ, ಸಿಗ್ನಲ್ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರೆ ಹೋಗದೆ ಹೋಗದೆ ಬೇಸತ್ತು ಅಪ್ಪ ರಾತ್ರಿ ಒಂದು ಗಂಟೆಗೆ ಟಾರ್ಚ್ ಹಿಡಿದು ಹೊರಟಿದ್ದಾರೆ. ಎಪ್ಪತ್ತು ದಾಟಿದ ಮನುಷ್ಯ. ಬದುವಿನ ಮೇಲೆ ಹಾವಿನ ಭಯ ಬೇರೆ.

ಪಕ್ಕದಲ್ಲೇ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ ಮಗ, ಫೋನ್ ಇಟ್ಟ ಮೇಲೆ ಕೇಳಿದ: "ಅಮ್ಮಾ, ಆ ಸ್ಟಾರ್ಟರ್ ಮಾಡಿದವರು ತಾತನ ತೋಟದಲ್ಲಿ ನೆಟ್‌ವರ್ಕ್ ಇಲ್ಲ ಅಂತ ಬರ್ಕೊಂಡಿರಲಿಲ್ವಾ?"

ಸ್ಟುಟ್‌ಗಾರ್ಟ್‌ನಲ್ಲೇ ಹುಟ್ಟಿ ಬೆಳೆದ ಹುಡುಗ. ಯಾವ ವಸ್ತುವನ್ನಾದರೂ ಮಾಡುವ ಮೊದಲು ಯಾರಾದರೂ ಕೂತು ಬರೆಯುತ್ತಾರೆ ಅನ್ನುವುದು ಅವನಿಗೆ ಗೊತ್ತು. ಅವನ ಅಮ್ಮ ದಿನವಿಡೀ ಮಾಡುವುದು ಅದನ್ನೇ. ಮನೆ ಬಿಸಿ ಮಾಡುವ ಹೀಟ್ ಪಂಪ್‌ಗಳ ಕಂಟ್ರೋಲರ್‌ಗೆ ನಾನು ಪಿಆರ್‌ಡಿ ಬರೆಯುತ್ತೇನೆ. ಪ್ರಾಡಕ್ಟ್ ರಿಕ್ವೈರ್ಮೆಂಟ್ಸ್ ಡಾಕ್ಯುಮೆಂಟ್. ಈ ವಸ್ತು ಯಾರಿಗೆ, ಎಲ್ಲಿ ಇರುತ್ತದೆ, ಏನು ಮಾಡಲೇಬೇಕು, ಏನು ಮಾಡಿದರೆ ಒಳ್ಳೆಯದು, ಏನನ್ನು ಈ ಸಲ ಮಾಡುವುದಿಲ್ಲ, ಇಷ್ಟನ್ನೂ ಅದರಲ್ಲಿ ಬರೆಯಬೇಕು. ಹೇಗೆ ಮಾಡಬೇಕು ಅನ್ನುವುದನ್ನು ಬರೆಯಬಾರದು, ಅದು ಎಂಜಿನಿಯರ್‌ಗಳಿಗೆ ಬಿಟ್ಟದ್ದು. ಬರೆದ ಪ್ರತಿ ಸಾಲನ್ನೂ ಒಬ್ಬ ಟೆಸ್ಟರ್ ಪರೀಕ್ಷೆ ಮಾಡಿ, ಪಾಸೋ ಫೇಲೋ ಹೇಳುವ ಹಾಗಿರಬೇಕು. "ಬಳಸಲು ಸುಲಭವಾಗಿರಬೇಕು" ಅಂತ ಬರೆದರೆ ಅದು ಸುಮ್ನೆ ಆಸೆ. ಅದನ್ನು ಯಾರೂ ಅಳೆಯಲಾಗುವುದಿಲ್ಲ.

ಮಗನ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಯಾಕೆಂದರೆ ಅದಕ್ಕೆ ಉತ್ತರ ನನಗೆ ಗೊತ್ತಿತ್ತು. ಯಾರೋ ಬರೆದಿರುತ್ತಾರೆ. ಆದರೆ ನಾಲ್ಕು ಗೆರೆ ಸಿಗ್ನಲ್ ಇರುವ ಕಟ್ಟಡದಲ್ಲಿ ಕೂತು, "ಬಳಕೆದಾರ ಕರೆ ಮಾಡಿದಾಗ ಮೋಟಾರ್ ಶುರುವಾಗಬೇಕು" ಅಂತ ಬರೆದಿರುತ್ತಾರೆ. ಕರೆ ತಲುಪದಿದ್ದರೆ ಏನಾಗಬೇಕು ಅನ್ನುವ ಸಾಲು ಅಲ್ಲಿ ಇರುವುದಿಲ್ಲ. ನಮ್ಮ ಕೆಲಸದಲ್ಲಿ ಎಲ್ಲ ಸರಿಯಿದ್ದಾಗ ನಡೆಯುವುದನ್ನು ಬರೆಯಲು ಅರ್ಧ ದಿನ ಸಾಕು. ಒಂದೊಂದಾಗಿ ಕೈಕೊಟ್ಟಾಗ ಏನಾಗಬೇಕು ಅನ್ನುವುದಕ್ಕೇ ವಾರಗಟ್ಟಲೆ ಬೇಕು.

ಮಾರನೆಯ ದಿನ ಅಪ್ಪನಿಗೆ ಮತ್ತೆ ಫೋನ್ ಮಾಡಿ ಕೇಳಿದೆ: "ಅಪ್ಪಾ, ಸ್ಟಾರ್ಟರ್ ಹೇಗಿದ್ರೆ ಚೆನ್ನಾಗಿರುತ್ತೆ, ಹೇಳಿ, ಬರ್ಕೋತೀನಿ." ಮೊದಲು "ಅಯ್ಯೋ ಬಿಡಮ್ಮ, ಇರೋದ್ರಲ್ಲೇ ಅಡ್ಜಸ್ಟ್ ಮಾಡ್ಕೊಂಡ್ರಾಯ್ತು" ಅಂದರು. ಬಿಡದೆ ಕೇಳಿದೆ. ಆಮೇಲೆ ಅವರನ್ನು ನಿಲ್ಲಿಸುವುದೇ ಕಷ್ಟವಾಯಿತು.

"ಇರುವೆ ಒಳಗೆ ಹೋಗಬಾರದು ಕಣಮ್ಮ. ಅದೇ ಮೊದಲು." ಸ್ಟಾರ್ಟರ್ ಒಳಗೆ ಮೋಟಾರಿಗೆ ಕರೆಂಟ್ ಕೂಡಿಸುವ, ಬಿಡಿಸುವ ಕಾಂಟ್ಯಾಕ್ಟರ್ ಬೆಚ್ಚಗಿರುತ್ತದೆ, ಇರುವೆ ಅಲ್ಲಿ ಗೂಡು ಮಾಡುತ್ತವೆ. ಎರಡು ಲೋಹದ ತುಂಡುಗಳ ನಡುವೆ ಸಿಕ್ಕಿ ಅಪ್ಪಚ್ಚಿಯಾದರೆ ಸರಿಯಾಗಿ ಕೂಡುವುದಿಲ್ಲ, ಆ ಫೇಸ್ ಹೋಯಿತು. ಹಲ್ಲಿ ಬಿದ್ದರೆ ಶಾರ್ಟ್. ನಾನು ಡಬ್ಬಿಯ ಮೇಲಿನ ಚೀಟಿಯ ಫೋಟೊ ತರಿಸಿಕೊಂಡು ನೋಡಿದೆ. ಐಪಿ 65 ಅಂತ ಅಚ್ಚಾಗಿದೆ. ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. 6 ಅಂದರೆ ಧೂಳೂ ಒಳಗೆ ಹೋಗಬಾರದು, 5 ಅಂದರೆ ಪೈಪಿನಿಂದ ನೀರು ಹೊಡೆದರೂ ತಡೆಯಬೇಕು. ಧೂಳೇ ಹೋಗದ ಕಡೆ ಇರುವೆ ಹೇಗೆ ಹೋಯಿತು? ಇನ್ನೊಂದು ಫೋಟೊದಲ್ಲಿ ಕಂಡಿತು. ಡಬ್ಬಿಯ ಜೊತೆ ಬಂದ ತೂತಿಗೆ ನಮ್ಮ ಕಡೆಯ ದಪ್ಪ ಮೋಟಾರ್ ಕೇಬಲ್ ಹಿಡಿಸಿಲ್ಲ. ಎಲೆಕ್ಟ್ರಿಷಿಯನ್ ಡ್ರಿಲ್ ಹಾಕಿ ತೂತು ದೊಡ್ಡದು ಮಾಡಿದ್ದಾನೆ. ಲ್ಯಾಬ್‌ನಲ್ಲಿ ಪಾಸಾದ ಡಬ್ಬಿ ತೋಟದಲ್ಲಿ ಫೇಲ್.

ಹಾರ್ಡ್‌ವೇರ್ ಬಗ್ಗೆ ಬರೆಯುವಾಗ ನನಗೆ ಭಯ ಜಾಸ್ತಿ ಆಗುವುದು ಇದಕ್ಕೇ. ಸಾಫ್ಟ್‌ವೇರ್‌ನಲ್ಲಿ ಒಂದು ಸಾಲು ಬಿಟ್ಟುಹೋದರೆ ಮುಂದಿನ ತಿಂಗಳು ಅಪ್‌ಡೇಟ್ ಕಳಿಸಬಹುದು. ಡಬ್ಬಿಯ ಅಚ್ಚು ಮಾಡಿಸಿದ ಮೇಲೆ ಕೇಬಲ್ ತೂತು ನಾಲ್ಕು ಮಿಲಿಮೀಟರ್ ಸಣ್ಣದಾಯಿತು ಅಂದರೆ ಹೊಸ ಅಚ್ಚಿಗೆ ದುಡ್ಡು ಸುರಿಯಬೇಕು, ಪರೀಕ್ಷೆಗಳನ್ನು ಮೊದಲಿಂದ ಮಾಡಬೇಕು. ಕೇಬಲ್ ಎಷ್ಟು ದಪ್ಪ ಅನ್ನುವುದನ್ನು ಅಚ್ಚಿಗೆ ಮೊದಲೇ ಯಾರಾದರೂ ತೋಟಕ್ಕೆ ಹೋಗಿ ನೋಡಿ ಬರೆದಿರಬೇಕು.

ಅಪ್ಪ ಹೇಳುತ್ತಾ ಹೋದರು. ಕಾಲು ಕೆಸರಲ್ಲಿರುತ್ತೆ, ಕೈ ಒದ್ದೆ ಇರುತ್ತೆ, ಶಾಕ್ ಹೊಡೆಯಬಾರದು. ಹಗಲು ಬಿಸಿಲಲ್ಲಿ ಆ ಸಣ್ಣ ಕೆಂಪು ದೀಪ ಉರೀತಿದೆಯೋ ಇಲ್ವೋ ಕಾಣಲ್ಲ. ಮೆಸೇಜ್ ಇಂಗ್ಲಿಷ್‌ನಲ್ಲಿ ಬರುತ್ತೆ, ನಿಮ್ಮಮ್ಮನಿಗೆ ಓದಕ್ಕಾಗಲ್ಲ. ಸಿಮ್ ರೀಚಾರ್ಜ್ ಮುಗಿದಿದ್ದು ಮೋಟಾರ್ ಓಡದೇ ಹೋದ ಮೇಲೇ ಗೊತ್ತಾಗೋದು. ವೋಲ್ಟೇಜ್ 415 ಇರಬೇಕು, ಸಂಜೆ ಹೊತ್ತು ಮುಳ್ಳು ಎಲ್ಲೆಲ್ಲೋ ಇಳಿಯುತ್ತೆ.

ಇಷ್ಟು ಹೇಳಿದ ಮೇಲೆ ನಾನು ಕೇಳಿದೆ, ಕರೆಂಟ್ ಬಂದ ತಕ್ಷಣ ತಾನೇ ಶುರುವಾಗುವ ಆಟೋ ಇದೆಯಲ್ಲ, ಅದನ್ನೇ ಹಾಕಬಹುದಲ್ವಾ? "ಬೇಡ. ಲೈನ್‌ಮ್ಯಾನ್ ಬೇಡ ಅಂದಿದಾನೆ. ಎಲ್ಲರ ಮೋಟಾರೂ ಒಟ್ಟಿಗೆ ಎದ್ರೆ ಟಿಸಿ, ಅದೇ ಟ್ರಾನ್ಸ್‌ಫಾರ್ಮರ್, ಸುಟ್ಟುಹೋಗುತ್ತೆ. ಆಮೇಲೆ ಊರಿಗೆಲ್ಲ ನೀರಿಲ್ಲ. ಒಬ್ಬೊಬ್ರದು ಒಂದೊಂದು ಹೊತ್ತಿಗೆ ಏಳೋ ಹಾಗೆ ಮಾಡಕ್ಕಾಗುತ್ತಾ ನೋಡು."

ಪೆನ್ನು ಕೆಳಗಿಟ್ಟೆ. ಮೋಟಾರ್ ಶುರುವಾಗುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ, ಅದಕ್ಕೇ ಟ್ರಾನ್ಸ್‌ಫಾರ್ಮರ್ ಸುಡುವುದು. ಪ್ರತಿ ಸ್ಟಾರ್ಟರ್ ಬೇರೆ ಬೇರೆ ಹೊತ್ತು ಕಾಯಬೇಕು ಅನ್ನುವುದು ಅದಕ್ಕೆ ಸರಿಯಾದ ಪರಿಹಾರ. ಆದರೆ ನಾನು ಮಾತಾಡಿಸಿದ ಯಾವ ಗ್ರಾಹಕರೂ, ನನ್ನ ಮಿಷನ್ನು ಸ್ವಲ್ಪ ತಡವಾಗಿ ಶುರುವಾದರೂ ಪರವಾಗಿಲ್ಲ, ಪಕ್ಕದವರದು ಕೆಡಬಾರದು ಅಂತ ಕೇಳಿದ್ದು ನನಗೆ ನೆನಪಿಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಪ್ಪ ಕೇಳಿದರು. ಆ ರಾತ್ರಿ ಹೆಮ್ಮೆಯಿಂದ ನನಗೆ ನಿದ್ದೆ ಬರಲಿಲ್ಲ.

ಸಿಟ್ಟೂ ಬಂತು. ಇಲ್ಲಿ ಅಡುಗೆಮನೆಗೆ ಕಪಾಟು ಕೂರಿಸುವವನೂ ಪ್ಲಗ್ ಎಲ್ಲಿ, ಬಾಗಿಲು ಯಾವ ಕಡೆ ತೆರೆಯಬೇಕು ಅಂತ ಕೇಳಿ, ಬರೆದು, ಸಹಿ ಹಾಕಿಸಿಕೊಳ್ಳುತ್ತಾನೆ. ನಮ್ಮಲ್ಲಿ ಸಾವಿರಾರು ರೂಪಾಯಿಯ ವಸ್ತು ತಗೊಳ್ಳುವ ರೈತನನ್ನು ಯಾರೂ ಏನೂ ಕೇಳುವುದಿಲ್ಲ. ತನ್ನನ್ನು ಯಾರಾದರೂ ಕೇಳುತ್ತಾರೆ ಅನ್ನುವ ಅಭ್ಯಾಸ ಅವನಿಗೂ ಇಲ್ಲ. ಕೆಟ್ಟರೆ "ಅಡ್ಜಸ್ಟ್ ಮಾಡ್ಕೊಳ್ಳಿ", ಮತ್ತೂ ಕೆಟ್ಟರೆ "ನಿಮ್ಗೆ ಬಳಸೋಕೆ ಬರಲ್ಲ". ಈ ಎರಡನೇ ಮಾತು ನನಗೆ ತುಂಬಾ ನೋವು ಕೊಡುತ್ತದೆ. ಬಳಸುವವನಿಗೆ ಬಾರದಿದ್ದರೆ ತಪ್ಪು ಬರೆದವರದು.

ನಮಗೆ ಬರೆಯಲು ಬರುವುದಿಲ್ಲ ಅಂತಲ್ಲ. ಬೆಂಗಳೂರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಒಂದು ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರ್‌ಗಳು ಸೇರಿ ಸಿಂಪ್ಯೂಟರ್ ಅನ್ನುವ ಕೈಗಣಕ ರೂಪಿಸಿದರು. ಹಳ್ಳಿಯಲ್ಲಿ ಒಬ್ಬರಿಗೆ ಒಂದು ಕೊಳ್ಳಲು ಆಗುವುದಿಲ್ಲ ಅನ್ನುವುದನ್ನು ಅವರು ಮೊದಲೇ ಹಿಡಿದಿದ್ದರು. ಅದಕ್ಕೇ ಅದರಲ್ಲಿ ಸ್ಮಾರ್ಟ್ ಕಾರ್ಡ್ ಹಾಕುವ ಜಾಗ. ಯಂತ್ರ ಎಲ್ಲರದು, ಕಾರ್ಡ್ ಅವರವರದು. ಓದು ಬಾರದವರಿಗಾಗಿ ಅದು ಭಾರತೀಯ ಭಾಷೆಗಳಲ್ಲಿ ಮಾತಾಡುತ್ತಿತ್ತು. ಕರೆಂಟ್ ಇಲ್ಲದ ಕಡೆಗೆ ಅಂಗಡಿಯಲ್ಲಿ ಸಿಗುವ ಸಣ್ಣ ಬ್ಯಾಟರಿಗಳಿಂದಲೇ ಓಡುತ್ತಿತ್ತು. 2004ರಲ್ಲಿ ಮಾರುಕಟ್ಟೆಗೆ ಬಂದರೂ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಆದರೂ ಬಳಸುವವರು ಯಾರು ಅನ್ನುವ ಪ್ರಶ್ನೆಗೆ ಅವರು ಬರೆದುಕೊಂಡ ಉತ್ತರವನ್ನು ನಾನು ಇಂದಿಗೂ ಹೊಸಬರಿಗೆ ಹೇಳುತ್ತೇನೆ.

ಈಗ ನನ್ನ ಹತ್ತಿರ ಅಪ್ಪನ ಸ್ಟಾರ್ಟರ್‌ಗೆ ಕನ್ನಡದಲ್ಲೇ ಬರೆದ ಪಿಆರ್‌ಡಿ ಇದೆ. "ಕನ್ನಡಕವಿಲ್ಲದೆ, ಒದ್ದೆ ಕೈಯಲ್ಲಿ, ಟಾರ್ಚ್ ಬೆಳಕಿನಲ್ಲಿ, ಎರಡು ಸಲ ಒತ್ತುವುದರೊಳಗೆ ಮೋಟಾರ್ ಶುರುವಾಗಬೇಕು." "ಸಿಗ್ನಲ್ ಇದ್ದ ಹೊತ್ತಿನಲ್ಲಿ ಹೇಳಿಟ್ಟ ಕೆಲಸವನ್ನು, ಕರೆಂಟ್ ಬಂದಾಗ ಸಿಗ್ನಲ್ ಇಲ್ಲದಿದ್ದರೂ ಮಾಡಬೇಕು." "ರೀಚಾರ್ಜ್ ಮುಗಿಯುವ ಮೂರು ದಿನ ಮೊದಲೇ ಕನ್ನಡದಲ್ಲಿ ತಿಳಿಸಬೇಕು." ತುಮಕೂರಿನಲ್ಲಿ ಪ್ಯಾನೆಲ್ ಬೋರ್ಡ್ ಮಾಡುವ ಪರಿಚಯದವರಿಗೆ ಕಳಿಸಿದ್ದೇನೆ. ಕೇಬಲ್ ತೂತಿನ ಸಾಲು ಅವರಿಗೆ ಬಹಳ ಹಿಡಿಸಿತು.

ಒಂದು ವಿಷಯದಲ್ಲಿ ಮಾತ್ರ ನಾನೂ ಅಪ್ಪನೂ ಇನ್ನೂ ಒಪ್ಪಿಲ್ಲ. ಬೋರ್‌ನಲ್ಲಿ ನೀರು ಬತ್ತಿದಾಗ ಮೋಟಾರ್ ತಾನೇ ನಿಂತು, ನೀರು ಊರಿದ ಮೇಲೆ ಮತ್ತೆ ಶುರುವಾಗಬೇಕು. ಎಷ್ಟು ಹೊತ್ತಿನ ಮೇಲೆ? ಬೇಸಿಗೆಗೊಂದು, ಮಳೆಗಾಲಕ್ಕೊಂದು, ಅದಕ್ಕೆ ತಿರುಗಿಸೋ ಗುಂಡಿ ಕೊಡಿ ಅನ್ನುತ್ತಾರೆ ಅಪ್ಪ. ಗುಂಡಿ ಕೊಟ್ಟರೆ ಡಬ್ಬಿಗೆ ಇನ್ನೊಂದು ತೂತು, ಇರುವೆಗೆ ಇನ್ನೊಂದು ದಾರಿ ಅನ್ನುತ್ತೇನೆ ನಾನು. "ನೀರು ನೋಡೋನು ನಾನಮ್ಮ, ಡಬ್ಬಿಗೇನು ಗೊತ್ತು" ಅಂದರು. ಇನ್ನೂ ತೀರ್ಮಾನವಾಗದ ವಿಷಯಗಳ ಪಟ್ಟಿಯಲ್ಲಿ ಅವರ ಹೆಸರನ್ನೂ ನನ್ನ ಹೆಸರನ್ನೂ ಬರೆದಿಟ್ಟಿದ್ದೇನೆ. ಈ ಬೇಸಿಗೆಗೆ ಊರಿಗೆ ಹೋದಾಗ, ನೀರು ನಿಂತ ಮೇಲೆ ಬೋರ್ ಮತ್ತೆ ತುಂಬಲು ಎಷ್ಟು ಹೊತ್ತು ಬೇಕು ಅಂತ ಮಗನ ಕೈಯಲ್ಲಿ ಗಡಿಯಾರ ಕೊಟ್ಟು ಬರೆಸುತ್ತೇನೆ.