ಎರಡೂ ಕೈ ಚಾಚಿ ನಿಂತವನು

ಸರಕು ಹಡಗಿನಲ್ಲಿ ಹೊರಟ ಮೂರನೆಯ ದಿನ ಮಧ್ಯಾಹ್ನ ಬ್ರಿಜ್‌ನಲ್ಲಿ, ಅಂದರೆ ಹಡಗನ್ನು ನಡೆಸುವ ಕೋಣೆಯಲ್ಲಿ, ಪಹರೆಯಲ್ಲಿದ್ದ ಸೆಕೆಂಡ್ ಆಫೀಸರ್ ಪಕ್ಕದಲ್ಲಿ ನಿಂತಿದ್ದೆ. ಬಲಗಡೆ ದೂರದಲ್ಲಿ ಸಣ್ಣ ದೋಣಿಯೊಂದು ಕಂಡಿತು. ಅದರಲ್ಲಿ ನಿಂತಿದ್ದವನು ಎರಡೂ ಕೈಗಳನ್ನು ಪಕ್ಕಕ್ಕೆ ಚಾಚಿ ನಿಧಾನವಾಗಿ ಮೇಲೆತ್ತುತ್ತಿದ್ದ, ಅಷ್ಟೇ ನಿಧಾನವಾಗಿ ಇಳಿಸುತ್ತಿದ್ದ. ನಮ್ಮನ್ನು ಕಂಡು ಕೈ ಬೀಸುತ್ತಿದ್ದಾನೆಂದು ತಿಳಿದು ನಾನೂ ಕೈಯೆತ್ತಿದೆ. ಆಫೀಸರ್ ದುರ್ಬೀನಿನಿಂದ ಕಣ್ಣು ತೆಗೆಯದೆ, "ಅದು ನಮಸ್ಕಾರವಲ್ಲ, ಸಹಾಯದ ಕರೆ" ಎಂದು ಹೇಳಿ ಕ್ಯಾಪ್ಟನ್‌ಗೆ ಫೋನ್ ಮಾಡಿದರು.

ಒಂದೇ ಕೈಯನ್ನು ಚುರುಕಾಗಿ ಬೀಸುವುದಕ್ಕೂ ಈ ಚಲನೆಗೂ ಇರುವ ಅಂತರ ಒಮ್ಮೆ ಮನಸ್ಸಿಗೆ ಬಂದರೆ ಮತ್ತೆ ಮರೆಯುವಂಥದ್ದಲ್ಲ. ಸಮುದ್ರದಲ್ಲಿ ಡಿಕ್ಕಿ ತಡೆಯಲು 1972ರಲ್ಲಿ ರೂಪುಗೊಂಡ ಅಂತರರಾಷ್ಟ್ರೀಯ ನಿಯಮಗಳ ನಾಲ್ಕನೆಯ ಅನುಬಂಧವು ಅಪಾಯದ ಸಂಕೇತಗಳಲ್ಲಿ ಇದನ್ನೂ ಸೇರಿಸಿದೆ. ಎನ್ ಅಕ್ಷರವನ್ನು ಸೂಚಿಸುವ ನೀಲಿ-ಬಿಳಿ ಚೌಕಳಿಯ ಬಾವುಟದ ಕೆಳಗೆ ಸಿ ಅಕ್ಷರದ ಬಾವುಟ, ಚೌಕ ಬಾವುಟದ ಮೇಲೋ ಕೆಳಗೋ ಒಂದು ಚೆಂಡು, ಕಿತ್ತಳೆ ಬಣ್ಣದ ಹೊಗೆ, ನಿಲ್ಲದೆ ಮೊಳಗುವ ಮಂಜಿನ ಹಾರ್ನ್ ಇವೂ ಅದೇ ಪಟ್ಟಿಯಲ್ಲಿವೆ.

ಹಿಂದಿನ ರಾತ್ರಿಯಷ್ಟೇ ಆಫೀಸರ್ ನನ್ನ ಕೈಗೆ, ಅಪಾಯದಲ್ಲಿ ಬೆಳಕಿನ ಸಂಕೇತ ಹಾರಿಸುವ ಪ್ಯಾರಾಚೂಟ್ ರಾಕೆಟ್ಟಿನ ಕೊಳವೆಯೊಂದನ್ನು ಕೊಟ್ಟಿದ್ದರು. ಹಡಗುಗಳಲ್ಲಿ ಇಡಬೇಕಾದ ಇಂಥ ರಾಕೆಟ್ಟು ಕನಿಷ್ಠ 300 ಮೀಟರ್ ಎತ್ತರಕ್ಕೇರಿ, ಕನಿಷ್ಠ 40 ಸೆಕೆಂಡು ಕೆಂಪಾಗಿ ಉರಿಯಬೇಕು. ಅಷ್ಟು ಹೊತ್ತಿನಲ್ಲಿ ನೋಡುವವರ ಕಣ್ಣು ಬೇರೆ ಕಡೆಗಿದ್ದರೆ ಬೆಳಕು ಬಂದು ಹೋದದ್ದೇ ತಿಳಿಯುವುದಿಲ್ಲ. ಕಂಡೂ ಅರ್ಥವಾಗದಿರುವುದು ಅದಕ್ಕಿಂತ ಘೋರವೆಂದು ನನಗನ್ನಿಸುತ್ತದೆ. 1912ರ ಏಪ್ರಿಲ್ ರಾತ್ರಿ ಟೈಟಾನಿಕ್ ಹಾರಿಸಿದ ಬಿಳಿ ರಾಕೆಟ್ಟುಗಳು ಹತ್ತಿರದಲ್ಲಿದ್ದ ಕ್ಯಾಲಿಫೋರ್ನಿಯನ್ ಎಂಬ ಹಡಗಿನ ಪಹರೆಯವರಿಗೆ ಕಂಡಿದ್ದವು, ಕ್ಯಾಪ್ಟನ್‌ಗೆ ಸುದ್ದಿಯೂ ಹೋಗಿತ್ತು. ಆದರೆ ಮಲಗಿದ್ದ ರೇಡಿಯೊ ಆಪರೇಟರ್‌ನನ್ನು ಬೆಳಗಿನವರೆಗೆ ಯಾರೂ ಎಬ್ಬಿಸಲಿಲ್ಲ.

ನಮ್ಮ ಕ್ಯಾಪ್ಟನ್ ಬಂದವರೇ ಹಡಗನ್ನು ತಿರುಗಿಸಲು ಆಜ್ಞೆ ಕೊಟ್ಟರು. ದೋಣಿಯಲ್ಲಿ ರೇಡಿಯೊ ಇದ್ದಂತೆ ಕಾಣಲಿಲ್ಲವಾದ್ದರಿಂದ ಅದರ ಪರವಾಗಿ ಆಫೀಸರ್ ರೇಡಿಯೊದಲ್ಲಿ ಸಹಾಯದ ಕರೆಗೆ ಬಳಸುವ 16ನೇ ಚಾನಲ್‌ನಲ್ಲಿ, ಬೇರೆಯವರ ಅಪಾಯದ ಕರೆಯನ್ನು ಮುಟ್ಟಿಸುವ "ಮೇಡೇ ರಿಲೇ" ಎಂಬ ಮಾತನ್ನು ಮೂರು ಬಾರಿ ಕೂಗಿ, ಸ್ಥಳದ ಅಕ್ಷಾಂಶ ರೇಖಾಂಶಗಳನ್ನು ಒಂದೊಂದೇ ಅಂಕಿಯಾಗಿ ಬಿಡಿಸಿ ಹೇಳಿದರು. ಹತ್ತಿರವಾದಂತೆ ಎಂಜಿನ್ ಕೆಟ್ಟು ನೀರು ತುಂಬುತ್ತಿದ್ದ ದೋಣಿ, ಡಬ್ಬದಿಂದ ಆ ನೀರನ್ನು ಎತ್ತಿ ಹೊರಚೆಲ್ಲುತ್ತಿದ್ದ ಇನ್ನಿಬ್ಬರು ಸ್ಪಷ್ಟವಾಗಿ ಕಂಡರು. ನಿಂತಿದ್ದವನು ಮಾತ್ರ ಅದೇ ನಿಧಾನಗತಿಯಲ್ಲಿ ಕೈಯೆತ್ತಿ ಇಳಿಸುತ್ತಲೇ ಇದ್ದ. ನಮ್ಮ ಹಡಗಿನ ಹಾರ್ನ್ ದೀರ್ಘವಾಗಿ ಮೊಳಗಿದ ಮೇಲೆಯೇ ಆತ ಕೈಗಳನ್ನು ಇಳಿಬಿಟ್ಟು ದೋಣಿಯ ಅಂಚಿನಲ್ಲಿ ಕುಳಿತದ್ದು.